ಗುಳಿಗೆ ನುಂಗುವವನ ಮಾತೂ ಸೇರಲಿ

(ಬಾದನಹಟ್ಟಿಯ ರೈತರ ಸಭೆಯಲ್ಲಿ ಗ್ರಾಮ ಕಾರ್ಯಕರ್ತರು ಮಾಡಿದ ಭಾಷಣ)



ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆಯನ್ನು ತಾವೆಲ್ಲರೂ ಬಲ್ಲಿರಿ. ಇಬ್ಬರ ಮಾತೂ ಒಂದೇ ಆದರೆ ಅದಕ್ಕಿಂತ ಸುಖವಿಲ್ಲ. ಆದರೆ ಸಕ್ಕರೆ ಕಾಯಿಲೆಯಲ್ಲಿ ಹಾಗೆ ಆಗುವುದು ಅಪರೂಪ. ವೈದ್ಯರು ಒಂದನ್ನು ಬರೆದುಕೊಡುತ್ತಾರೆ. ರೋಗಿ ಮನೆಗೆ ಬಂದು ಇನ್ನೊಂದನ್ನು ಮಾಡುತ್ತಾನೆ. ಅವನು ಮಾಡಿದ್ದು ವೈದ್ಯರಿಗೆ ತಿಳಿಯುವುದಿಲ್ಲ. ವೈದ್ಯರು ಯಾಕೆ ಬರೆದರೆಂಬುದು ಅವನಿಗೆ ತಿಳಿಯುವುದಿಲ್ಲ. ಇಂದು ನಾನು ಮಾತನಾಡಬೇಕೆಂದಿರುವುದು ಈ ವಿಷಯ.

ನಾನು ಓದಿದ್ದು ಕೃಷಿ ಡಿಪ್ಲೊಮಾ. ನಾನು ವೈದ್ಯನಲ್ಲ. ಬೀಜ, ಗೊಬ್ಬರ, ಹುಳದ ಔಷಧಿಯ ಮಾತು ಬಿಟ್ಟು ಇವನೇಕೆ ಗುಳಿಗೆಯ ಮಾತು ತೆಗೆದನೆಂದು ತಮಗೆ ಅನ್ನಿಸಬಹುದು. ಅದಕ್ಕೆ ಕಾರಣವಿದೆ. ನಾನೇ ಮಾಡಿದ ಒಂದು ತಪ್ಪಿನಿಂದ ನನ್ನ ತಂದೆಯವರನ್ನು ಕಳೆದುಕೊಳ್ಳುವ ಹೊತ್ತು ಬಂದಿತ್ತು. ಆ ತಪ್ಪು ತಮ್ಮ ಮನೆಯಲ್ಲಿ ಆಗದಿರಲಿ ಎಂದು ಹೇಳುತ್ತಿದ್ದೇನೆ.

ಈ ಕಾಯಿಲೆ ಪೇಟೆಯವರಿಗೆ, ಕುಳಿತು ತಿನ್ನುವವರಿಗೆ ಬರುವುದೆಂದು ನಾವು ತಿಳಿದಿದ್ದ ಕಾಲ ಹೋಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಅದರ ಲೆಕ್ಕದಲ್ಲಿ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10 ಕೋಟಿ ಮಂದಿ. ಹಳ್ಳಿಯವರೂ ಅದರಲ್ಲಿ ಸೇರಿದ್ದಾರೆ. ನಮ್ಮ ಈ ಕಾಲುವೆ ಸೀಮೆಯಲ್ಲಿ ಯಾವ ಓಣಿಗೆ ಹೋದರೂ ಗುಳಿಗೆಯ ಚೀಟಿ ಇರುವ ಮನೆ ಸಿಕ್ಕೇ ಸಿಗುತ್ತದೆ.

ನನ್ನ ತಂದೆಯವರ ಸಂಗತಿ ಹೀಗಿದೆ. ಅವರೂ ತಮ್ಮಂತೆ ಕಾಲುವೆಯ ಕೆಳಗೆ ಭತ್ತ ಬೆಳೆಯುವವರು. ಸಕ್ಕರೆ ಕಾಯಿಲೆ ಇದೆಯೆಂದು ತಿಳಿದು ಕೆಲವು ವರ್ಷಗಳಾಗಿದ್ದವು. ಬೆಳಿಗ್ಗೆ ಒಂದು ಗುಳಿಗೆ, ರಾತ್ರಿ ಒಂದು ಗುಳಿಗೆ ಎಂದು ಬರೆದುಕೊಟ್ಟಿದ್ದರು. ಒಮ್ಮೆ ತಪಾಸಣೆಗೆ ನಾನೇ ಕರೆದುಕೊಂಡು ಹೋದೆ. ರಕ್ತದಲ್ಲಿ ಸಕ್ಕರೆ ಬಹಳ ಹೆಚ್ಚಾಗಿತ್ತು. "ಗುಳಿಗೆ ಸರಿಯಾಗಿ ತೆಗೆದುಕೊಳ್ಳುತ್ತಾರೆಯೇ?" ಎಂದು ವೈದ್ಯರು ಕೇಳಿದರು. ಅಪ್ಪ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ಹೌದು ಸಾರ್, ಒಂದು ದಿನವೂ ತಪ್ಪಿಸಿಲ್ಲ." ಓದಿದ ಮಗ ಹೇಳಿದ ಮಾತು ಎಂದು ವೈದ್ಯರು ನಂಬಿದರು. ಇಷ್ಟು ಗುಳಿಗೆಗೆ ಸಕ್ಕರೆ ಬಗ್ಗುತ್ತಿಲ್ಲವೆಂದು ತಿಳಿದು ಬೆಳಗಿನ ಗುಳಿಗೆಯನ್ನು ಎರಡರಷ್ಟು ಮಾಡಿದರು. ಅಪ್ಪ ತಲೆ ತಗ್ಗಿಸಿ ಕುಳಿತಿದ್ದರು.

ನಿಜ ಸಂಗತಿ ಬೇರೆಯಾಗಿತ್ತು. ಅಪ್ಪ ಬೆಳಗಿನ ಗುಳಿಗೆಯನ್ನು ವಾರದಲ್ಲಿ ಎರಡು ಮೂರು ದಿನವಷ್ಟೇ ನುಂಗುತ್ತಿದ್ದರು. ಅದನ್ನು ನುಂಗಿ ಹೊಲಕ್ಕೆ ಹೋದ ದಿನ ಹತ್ತು ಗಂಟೆಯ ಹೊತ್ತಿಗೆ ಕೈಕಾಲು ನಡುಗಿ, ಮೈ ಬೆವೆತು, ಕಣ್ಣು ಮಂಜಾಗುತ್ತಿತ್ತು. ಹೊಲದ ಕೆಲಸವಿದ್ದ ದಿನ ಬಿಡುವುದು, ಮನೆಯಲ್ಲಿದ್ದ ದಿನ ನುಂಗುವುದು ಎಂದು ಅವರೇ ಒಂದು ದಾರಿ ಮಾಡಿಕೊಂಡಿದ್ದರು. ಇದು ನನಗೆ ಗೊತ್ತಿರಲಿಲ್ಲ. ಊರಿಗೆ ಬಂದವನೇ, "ಇನ್ನು ಮೇಲೆ ನನ್ನ ಮುಂದೆಯೇ ನುಂಗಬೇಕು" ಎಂದು ಹಠ ಹಿಡಿದೆ. ಎರಡರಷ್ಟಾದ ಗುಳಿಗೆಯನ್ನು ದಿನವೂ ನಿಂತು ನುಂಗಿಸಿದೆ.

ಮೂರನೆಯ ದಿನ ಕಾಲುವೆ ನೀರಿನ ಸರದಿ ಇತ್ತು. ಅಪ್ಪ ಗುಳಿಗೆ ನುಂಗಿ, ರೊಟ್ಟಿ ಆಮೇಲೆ ಎಂದು ಸಲಿಕೆ ಹಿಡಿದು ಹೊರಟರು. ನೀರು ಬಿಟ್ಟು ಬರಲಾಗದೆ ಹೊತ್ತಾಯಿತು. ಬದುವಿನ ಮೇಲೆ ಕುಸಿದರು. ಪಕ್ಕದ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೆಣ್ಣುಮಕ್ಕಳು ನೋಡಿ ಓಡಿ ಬಂದರು. ಒಬ್ಬ ತಾಯಿಯ ಮನೆಯಲ್ಲಿಯೂ ಇದೇ ಕಾಯಿಲೆ ಇತ್ತು. "ಸಕ್ರಿ ಇಳದೈತಿ, ಕುಡಿಯಾಕ ಸಕ್ರಿ ನೀರು ಕೊಡ್ರಿ" ಎಂದು ಆಕೆ ಕೂಗಿದರು. ಚಹದ ಡಬ್ಬಿಯಲ್ಲಿದ್ದ ಸಕ್ಕರೆಯನ್ನು ಕದಡಿ ಕುಡಿಸಿದರು. ಅಷ್ಟು ಹೊತ್ತಿಗೆ ನುಂಗುವ ಶಕ್ತಿ ಇನ್ನೂ ಇತ್ತು. ಉಳಿದರು.

ಆ ರಾತ್ರಿ ಆಸ್ಪತ್ರೆಯಲ್ಲಿ ಮಂಚದ ಹತ್ತಿರ ಕುಳಿತು ಕೇಳಿದೆ: "ಮೊದ್ಲೇ ಯಾಕ ಹೇಳಲಿಲ್ಲಪ್ಪ?" ಅವರು ನನ್ನನ್ನು ನೋಡಿ ಹೇಳಿದರು: "ಯಾರು ಕೇಳಿದ್ರು?"

ಬಂಧುಗಳೆ, ಆ ಎರಡು ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಇದು ಹೇಗಾಯಿತೆಂದು ತಿಳಿದುಕೊಳ್ಳುವುದು ಅವಶ್ಯ. ಸಕ್ಕರೆ ಕಾಯಿಲೆಯ ಗುಳಿಗೆಗಳೆಲ್ಲ ಒಂದೇ ಜಾತಿಯವಲ್ಲ. ಮೆಟ್‌ಫಾರ್ಮಿನ್ ಎಂಬುದು ಹಳೆಯ ಗುಳಿಗೆ. ಬ್ರಿಟನ್ನಿನಲ್ಲಿ 1958ರಿಂದ ಬಳಕೆಯಲ್ಲಿದೆ, ಬೆಲೆಯೂ ಕಡಿಮೆ. ಅದೊಂದನ್ನೇ ತೆಗೆದುಕೊಂಡರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪ. ಕೆಲವರಿಗೆ ಹೊಟ್ಟೆ ಉಬ್ಬರ, ಭೇದಿ ಆಗುತ್ತದೆ. ಊಟದೊಡನೆ ತೆಗೆದುಕೊಂಡರೆ, ಸ್ವಲ್ಪದಿಂದ ಆರಂಭಿಸಿ ಮೆಲ್ಲಗೆ ಹೆಚ್ಚಿಸಿದರೆ ಅದು ತಗ್ಗುತ್ತದೆ. ಗ್ಲಿಮೆಪಿರೈಡ್ ಮೊದಲಾದವು ಇನ್ನೊಂದು ಜಾತಿ. ಇವೂ ಅಗ್ಗ, ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ನಾವು ಉಂಡಿದ್ದೇವೋ ಇಲ್ಲವೋ ಎಂದು ಇವು ನೋಡುವುದಿಲ್ಲ. ದೇಹದೊಳಗಿನ ಇನ್ಸುಲಿನ್ನನ್ನು ಹೊರಡಿಸಿಯೇ ಬಿಡುತ್ತವೆ. ಗುಳಿಗೆ ನುಂಗಿ, ಉಣ್ಣದೆ, ಸಲಿಕೆ ಹಿಡಿದು ಬೆವರು ಸುರಿಸಿದರೆ ರಕ್ತದ ಸಕ್ಕರೆ ಇಳಿಯುತ್ತ ಹೋಗುತ್ತದೆ. ನನ್ನ ತಂದೆಯವರು ನುಂಗುತ್ತಿದ್ದ ಬೆಳಗಿನ ಗುಳಿಗೆ ಈ ಜಾತಿಯದು.

ಗುಳಿಗೆಯಲ್ಲಿ ದೋಷವಿರಲಿಲ್ಲ. ವೈದ್ಯರ ಲೆಕ್ಕವೂ ತಪ್ಪಿರಲಿಲ್ಲ. ಆದರೆ ಆ ಲೆಕ್ಕಕ್ಕೆ ನಾನು ಕೊಟ್ಟ ಅಂಕಿ ಸುಳ್ಳು. ನಮ್ಮ ಕಸುಬಿನ ಒಂದು ಉದಾಹರಣೆಯಿಂದ ಇದು ಸುಲಭವಾಗಿ ತಿಳಿಯುತ್ತದೆ. ಭತ್ತದ ಪೈರು ಹಳದಿಯಾಗಿದೆಯೆಂದು ತಾವು ನನ್ನನ್ನು ಕರೆಯುತ್ತೀರಿ. "ಯೂರಿಯಾ ಹಾಕಿದ್ದೀರಾ?" ಎಂದು ಕೇಳುತ್ತೇನೆ. ಹಾಕದೆ ಹಾಕಿದ್ದೇನೆ ಎಂದರೆ ನಾನು ಏನು ತಿಳಿಯಬೇಕು? ಹಾಕಿದ್ದು ಸಾಲದು ಎಂದು ಇನ್ನಷ್ಟು ಹೇಳಬಹುದು, ಇಲ್ಲವೆ ಇಲ್ಲದ ರೋಗವನ್ನು ಹುಡುಕಬಹುದು. ಎರಡರಿಂದಲೂ ನಷ್ಟ ಪೈರಿಗೆ. ಮಣ್ಣು ಪರೀಕ್ಷೆಗೆ ಯಾರೂ ಪಕ್ಕದವನ ಹೊಲದ ಮಣ್ಣು ಕಳಿಸುವುದಿಲ್ಲ. ಆದರೆ ವೈದ್ಯರ ಮುಂದೆ ನಾವು ನಮ್ಮದಲ್ಲದ ದಿನಚರಿಯನ್ನು ಹೇಳಿ ಬರುತ್ತೇವೆ.

ಮುಂದಿನ ಸಲ ಅಪ್ಪನನ್ನು ಅದೇ ವೈದ್ಯರ ಬಳಿಗೆ ಕರೆದೊಯ್ದೆ. ನಾನು ಬಾಯಿ ಮುಚ್ಚಿಕೊಂಡು ಕುಳಿತೆ. ಅಪ್ಪ ಎಲ್ಲವನ್ನೂ ತಾವೇ ಹೇಳಿದರು. ವೈದ್ಯರು ಬೈಯಲಿಲ್ಲ, ಪೂರ್ತಿ ಕೇಳಿದರು. ಆಮೇಲೆ ಎರಡು ದಾರಿಗಳನ್ನು ಮುಂದಿಟ್ಟರು. ಒಂದನೆಯದು, ಅದೇ ಅಗ್ಗದ ಗುಳಿಗೆ, ಪ್ರಮಾಣ ಕಡಿಮೆ, ತಟ್ಟೆ ಮುಂದೆ ಬಂದ ಮೇಲೆಯೇ ನುಂಗುವುದು, ಊಟವಿಲ್ಲದ ಹೊತ್ತಿನಲ್ಲಿ ನುಂಗದಿರುವುದು. ಎರಡನೆಯದು, ಸ್ವಲ್ಪ ಹೆಚ್ಚು ಬೆಲೆಯ ಬೇರೆ ಗುಳಿಗೆ, ಊಟ ತಡವಾದರೂ ಸಕ್ಕರೆಯನ್ನು ಅಪಾಯಕ್ಕೆ ಇಳಿಸುವುದು ಬಹಳ ಕಡಿಮೆ. ಯಾವುದು ಅನುಕೂಲವೆಂದು ಅಪ್ಪನನ್ನೇ ಕೇಳಿದರು. ಅಗ್ಗದ್ದನ್ನೇ ಕೇಳುತ್ತಾರೆಂದು ನಾನು ಎಣಿಸಿದ್ದೆ. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: "ನೀರಿನ ಸರದಿ ನನ್ನ ಕೈಯಾಗ ಇಲ್ರಿ. ಹೊತ್ತಿಗೆ ಸರಿಯಾಗಿ ಉಣ್ತೀನಿ ಅಂತ ಮಾತು ಕೊಡಾಕ ಆಗಂಗಿಲ್ಲ. ಎರಡನೇದು ಬರೀರಿ." ಅಂದಿನಿಂದ ಅವರು ಗುಳಿಗೆ ತಪ್ಪಿಸಿಲ್ಲ. ಯಾರೂ ನಿಂತು ನುಂಗಿಸಬೇಕಾಗಿಯೂ ಇಲ್ಲ.

ನೀರಿನ ಸರದಿಯ ವಿಷಯ ಯಾವ ವೈದ್ಯಕೀಯ ಪುಸ್ತಕದಲ್ಲಿಯೂ ಇಲ್ಲ. ಅದು ಅಪ್ಪನಿಗೆ ಮಾತ್ರ ಗೊತ್ತಿತ್ತು. ಗುಳಿಗೆಯ ಗುಣ ವೈದ್ಯರಿಗೆ ಗೊತ್ತಿತ್ತು. ಎರಡೂ ಕೂಡಿದಾಗ ಸರಿಯಾದ ಔಷಧಿ ಸಿಕ್ಕಿತು. ನನ್ನ ಭಾಷಣದ ಸಾರವೆಲ್ಲ ಇಷ್ಟೇ.

ಹೀಗೆ ಕೇಳುವುದು ಉದ್ಧಟತನವಲ್ಲವೇ ಎಂದು ಕೆಲವರು ಅನುಮಾನಪಡುತ್ತಾರೆ. ಖಂಡಿತ ಅಲ್ಲ. ರೋಗಿಗೆ ಚಿಕಿತ್ಸೆಯ ಸ್ವರೂಪ, ಅದರ ಲಾಭ, ಅಪಾಯ, ಬೇರೆ ದಾರಿ ಇವುಗಳನ್ನು ತಿಳಿಸಿ ಒಪ್ಪಿಗೆ ಪಡೆಯಬೇಕೆಂದು ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ತೀರ್ಪಿತ್ತಿದೆ. ಆ ಮೊಕದ್ದಮೆ ಶಸ್ತ್ರಚಿಕಿತ್ಸೆಯದಾದರೂ ಅದರ ತತ್ವ ನಮಗೂ ಬೇಕಾದದ್ದೇ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಪಟ್ಟಿಯನ್ನು ಕೇಂದ್ರ ಆರೋಗ್ಯ ಸಚಿವಾಲಯವು 2019ರಲ್ಲಿ ರಾಜ್ಯಗಳಿಗೆ ಕಳಿಸಿತು. ತಿಳಿಯುವ ಹಕ್ಕು ಅದರಲ್ಲಿ ಸೇರಿದೆ. ಬ್ರಿಟನ್ನಿನಲ್ಲಿ ಸಕ್ಕರೆ ಕಾಯಿಲೆಯಿದ್ದ ಒಬ್ಬ ತಾಯಿಗೆ ಹೆರಿಗೆಯ ಅಪಾಯವನ್ನು ಮೊದಲೇ ತಿಳಿಸಲಿಲ್ಲವೆಂಬ ಮೊಕದ್ದಮೆಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ಆ ತಾಯಿಯ ಪರವಾಗಿ ತೀರ್ಪು ಕೊಟ್ಟಿತು. ಹಾಗಾಗಿ ಕೇಳಲು ಸಂಕೋಚಪಡಬೇಕಾಗಿಲ್ಲ. ಜಗಳದ ಧ್ವನಿಯೂ ಬೇಕಿಲ್ಲ. "ಡಾಕ್ಟ್ರೆ, ನಮ್ಮ ಕೆಲಸ ಹೀಗೈತ್ರಿ, ಇದಕ್ಕ ಹೊಂದುವಂಥಾದ್ದು ಹೇಳ್ರಿ" ಎಂದರೆ ಸಾಕು.

ಇನ್ನು, ವೈದ್ಯರ ಬಳಿಗೆ ಹೋದಾಗ ತಾವು ಹೇಳಬೇಕಾದ ಸಂಗತಿಗಳು ಇವು.

ಮೊದಲನೆಯದಾಗಿ, ನಿಜವಾಗಿ ನುಂಗಿದ ಲೆಕ್ಕ. ಎಷ್ಟು ದಿನ ತಪ್ಪಿತು, ಯಾಕೆ ತಪ್ಪಿತು ಎಂಬುದನ್ನು ಮುಚ್ಚಿಡಕೂಡದು. ಉಳಿದ ಗುಳಿಗೆಗಳನ್ನೂ ಹಳೆಯ ಚೀಟಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋದರೆ ಉತ್ತಮ.

ಎರಡನೆಯದಾಗಿ, ಊಟದ ಹೊತ್ತು ಮತ್ತು ಕೆಲಸದ ಹೊತ್ತು. ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ನಸುಕಿನಲ್ಲಿಯೇ ಹೊರಡುವವರಿದ್ದೀರಿ. ರಾತ್ರಿ ನೀರು ಕಟ್ಟುವವರಿದ್ದೀರಿ. ಮೂರು ಹೊತ್ತು ಅನ್ನ ಉಣ್ಣುವವರಿದ್ದೀರಿ, ರೊಟ್ಟಿ ಉಣ್ಣುವವರಿದ್ದೀರಿ, ಪೇಟೆಗೆ ಹೋದ ದಿನ ಮಂಡಕ್ಕಿ ಒಗ್ಗರಣೆ, ಮಿರ್ಚಿಯಲ್ಲಿಯೇ ಊಟ ಮುಗಿಸುವವರಿದ್ದೀರಿ. ಇದ್ದದ್ದನ್ನು ಇದ್ದಂತೆ ಹೇಳಬೇಕು.

ಮೂರನೆಯದಾಗಿ, ಉಪವಾಸ. ಏಕಾದಶಿ, ಶ್ರಾವಣ ಸೋಮವಾರ, ರಂಜಾನ್ ರೋಜಾ ಯಾವುದೇ ಇರಲಿ, ಮೊದಲೇ ತಿಳಿಸಬೇಕು. ರೋಜಾ ಹಿಡಿಯುವವರು ಒಂದೂವರೆ ಎರಡು ತಿಂಗಳು ಮುಂಚೆಯೇ ವೈದ್ಯರನ್ನು ಕಂಡರೆ ಗುಳಿಗೆಯ ಹೊತ್ತನ್ನೂ ಪ್ರಮಾಣವನ್ನೂ ಬದಲಿಸಲು ಅವಕಾಶವಾಗುತ್ತದೆ. ಉಪವಾಸ ಯಾರಿಗೆ ಅಪಾಯಕರವೆಂಬುದನ್ನೂ ಅವರೇ ಹೇಳುತ್ತಾರೆ.

ನಾಲ್ಕನೆಯದಾಗಿ, ಹಣದ ಮಾತು. ತಿಂಗಳಿಗೆ ಎಷ್ಟು ಖರ್ಚು ಮಾಡಬಲ್ಲಿರೆಂದು ಹೇಳುವುದರಲ್ಲಿ ನಾಚಿಕೆಯಿಲ್ಲ. ಹತ್ತು ದಿನ ನುಂಗಿ ಇಪ್ಪತ್ತು ದಿನ ಬಿಡುವ ದುಬಾರಿ ಗುಳಿಗೆಗಿಂತ ತಿಂಗಳು ಪೂರ್ತಿ ನುಂಗುವ ಅಗ್ಗದ ಗುಳಿಗೆ ಮೇಲು. ಬೆಲೆಗಳೂ ಬದಲಾಗುತ್ತಿರುತ್ತವೆ. ಸಿಟಾಗ್ಲಿಪ್ಟಿನ್ ಎಂಬುದರ ಪೇಟೆಂಟ್ 2022ರಲ್ಲಿಯೂ ಎಂಪಾಗ್ಲಿಫ್ಲೋಜಿನ್ ಎಂಬುದರದು 2025ರಲ್ಲಿಯೂ ನಮ್ಮ ದೇಶದಲ್ಲಿ ಮುಗಿದು, ಹಲವು ಕಂಪನಿಗಳು ತಯಾರಿಸತೊಡಗಿ ಬೆಲೆ ಬಹಳ ಇಳಿಯಿತು. ಹಿಂದೆ ದುಬಾರಿಯೆಂದು ಬಿಟ್ಟದ್ದು ಈಗ ಕೈಗೆಟಕಬಹುದು. ಸರಕಾರಿ ಆಸ್ಪತ್ರೆಯಲ್ಲಿ ಯಾವುದು ಸಿಗುತ್ತದೆ, ಜನೌಷಧಿ ಅಂಗಡಿಯಲ್ಲಿ ಅದೇ ಗುಳಿಗೆಗೆ ಎಷ್ಟು ಬೆಲೆ ಎಂದು ವಿಚಾರಿಸಿರಿ.

ಐದನೆಯದಾಗಿ, ಬೇರೆ ಔಷಧಿಗಳು. ನಾಟಿ ಮದ್ದು, ಎಲೆಯ ಕಷಾಯ, ಮಂಡಿನೋವಿನ ಗುಳಿಗೆ ಯಾವುದನ್ನು ತೆಗೆದುಕೊಂಡರೂ ತಿಳಿಸಬೇಕು. ತಿಳಿಸಿದರೆ ಬೈಯುತ್ತಾರೆಂದು ಮುಚ್ಚಿಟ್ಟರೆ ಕೆಡುಕಾಗುವುದು ನಮಗೇ.

ಹಾಗೆಯೇ ತಾವು ಕೇಳಬೇಕಾದ ಪ್ರಶ್ನೆಗಳೂ ಕೆಲವುಂಟು. ಈ ಗುಳಿಗೆ ಏನು ಮಾಡುತ್ತದೆ? ಊಟ ತಪ್ಪಿದ ದಿನ ನುಂಗಬೇಕೋ ಬಿಡಬೇಕೋ? ವಾಂತಿ, ಭೇದಿ, ಜ್ವರ ಬಂದ ದಿನ ಏನು ಮಾಡಬೇಕು? ಇದಕ್ಕೆ ಬದಲು ಬೇರೆ ಇದೆಯೇ? ನನಗೆ ಸಕ್ಕರೆ ಎಷ್ಟಿದ್ದರೆ ಸರಿ? ಈ ಕೊನೆಯ ಪ್ರಶ್ನೆ ಮುಖ್ಯವಾದದ್ದು. ಮೂರು ತಿಂಗಳ ಸರಾಸರಿ ತೋರಿಸುವ ರಕ್ತ ಪರೀಕ್ಷೆ ಒಂದಿದೆ. ಅದು ಶೇಕಡಾ 7ರ ಕೆಳಗೆ ಇರಬೇಕೆಂಬುದು ಅನೇಕರಿಗೆ ಹೇಳುವ ಗುರಿ. ಆದರೆ ವಯಸ್ಸಾದವರಿಗೆ, ಸಕ್ಕರೆ ಪದೇ ಪದೇ ಕುಸಿಯುವವರಿಗೆ 8ರ ಸುತ್ತ ಇದ್ದರೂ ಸಾಕೆಂದು ವೈದ್ಯರು ತೀರ್ಮಾನಿಸಬಹುದು. ಎಲ್ಲ ಹೊಲಕ್ಕೂ ಒಂದೇ ಗೊಬ್ಬರವಿಲ್ಲ, ಎಲ್ಲ ರೋಗಿಗೂ ಒಂದೇ ಗುರಿಯಿಲ್ಲ.

ಕೆಲವು ಹೊಸ ಗುಳಿಗೆಗಳು ಹೆಚ್ಚಿನ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತವೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಅವುಗಳಿಂದ ಒಳ್ಳೆಯದಾಗುತ್ತದೆ. ಆದರೆ ಮೂತ್ರ ಹೆಚ್ಚು, ಗುಪ್ತಾಂಗದಲ್ಲಿ ತುರಿಕೆ ಬರಬಹುದು. ನಮ್ಮ ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ಬಿಸಿಲಿನಲ್ಲಿ ದುಡಿಯುವವರು ನೀರು ಕುಡಿಯದೆ ಇವನ್ನು ನುಂಗಿದರೆ ಮೈ ಒಣಗಿ ತೊಂದರೆಯಾಗುತ್ತದೆ. ಆದುದರಿಂದ ಬಿಸಿಲಿನ ಕೆಲಸದ ಮಾತನ್ನು ವೈದ್ಯರಿಗೆ ಹೇಳಲೇಬೇಕು.

ಇನ್ಸುಲಿನ್ ಎಂದರೆ ಕೊನೆಯ ಮದ್ದು, ಅದು ಬಂತೆಂದರೆ ಮುಗಿಯಿತೆಂದು ಹೆದರುವವರಿದ್ದಾರೆ. ಇದು ತಪ್ಪು. ಕೆನಡಾ ದೇಶದ ಟೊರಾಂಟೊದಲ್ಲಿ 1921ರಲ್ಲಿ ಇದನ್ನು ಕಂಡುಹಿಡಿದು, 1922ರ ಜನವರಿಯಲ್ಲಿ 14 ವರ್ಷದ ಹುಡುಗನಿಗೆ ಮೊದಲು ಕೊಟ್ಟರು. ಅದಕ್ಕೆ ಮುಂಚೆ ಈ ಕಾಯಿಲೆ ಬಂದ ಮಕ್ಕಳು ಬದುಕುತ್ತಿರಲಿಲ್ಲ. ಮನೆಯಲ್ಲಿ ಫ್ರಿಜ್ ಇಲ್ಲವೆಂದು ಇನ್ಸುಲಿನ್ ಒಲ್ಲೆವೆನ್ನುವವರೂ ಇದ್ದಾರೆ. ಅದನ್ನೂ ಹೇಳಿಯೇ ಬಿಡಿ. ಒಂದು ದೊಡ್ಡ ಮಡಕೆಯಲ್ಲಿ ಒದ್ದೆ ಮರಳು ತುಂಬಿ, ನಡುವೆ ಸಣ್ಣ ಮಡಕೆ ಇಟ್ಟು, ಬಳಕೆಯಲ್ಲಿರುವ ಸೀಸೆಯನ್ನು ನೀರು ತಾಗದಂತೆ ಅದರೊಳಗೆ ಇಟ್ಟರೆ ಹೊರಗಿನ ಸೆಕೆಗಿಂತ ತಂಪಾಗಿರುತ್ತದೆ. ಮಡಕೆಯ ವಿದ್ಯೆ ನಮಗೆ ಹೊಸದಲ್ಲ. ಎಷ್ಟು ದಿನ ಇಡಬಹುದೆಂಬುದನ್ನು ಕೊಟ್ಟವರನ್ನು ಕೇಳಿರಿ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ತೀರ್ಮಾನದಲ್ಲಿ ಪಾಲುಗೊಳ್ಳುವುದು ಬೇರೆ, ತಾನೇ ತೀರ್ಮಾನಿಸುವುದು ಬೇರೆ. ನನ್ನ ತಂದೆಯವರು ಗುಳಿಗೆ ಬಿಟ್ಟದ್ದಕ್ಕೆ ಕಾರಣ ಸರಿಯಿತ್ತು. ಹೇಳದೆ ಬಿಟ್ಟದ್ದು ಸರಿಯಿರಲಿಲ್ಲ. ಸಕ್ಕರೆ ಹೆಚ್ಚಿದ್ದರೂ ಮೊದಮೊದಲು ನೋವಿಲ್ಲ. ಆದರೆ ವರ್ಷಗಳು ಕಳೆದಂತೆ ಕಣ್ಣು, ಮೂತ್ರಪಿಂಡ, ಕಾಲಿನ ನರ, ಹೃದಯ ಒಂದೊಂದಾಗಿ ಕೆಡುತ್ತವೆ. ಚಿಕ್ಕಂದಿನಲ್ಲಿಯೇ ಕಾಯಿಲೆ ಬಂದು ಇನ್ಸುಲಿನ್ನಿನಿಂದಲೇ ಬದುಕಿರುವ ಮಕ್ಕಳಿಗೆ ಅದನ್ನು ಒಂದು ದಿನವೂ ನಿಲ್ಲಿಸಕೂಡದು. ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ.

ಸಕ್ಕರೆ ಕುಸಿದಾಗ ಮಾಡಬೇಕಾದದ್ದನ್ನೂ ಎಲ್ಲರೂ ತಿಳಿದಿರಬೇಕು. ನಡುಕ, ಬೆವರು, ಹಸಿವು, ಎದೆ ಬಡಿತ, ಮಾತು ತೊದಲುವುದು ಇವು ಅದರ ಗುರುತುಗಳು. ಎಚ್ಚರವಿದ್ದು ನುಂಗಬಲ್ಲವರಾದರೆ ಕೂಡಲೆ ಮೂರು ಚಹದ ಚಮಚೆಯಷ್ಟು ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿರಿ. ಕಾಲು ಗಂಟೆಯಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕೊಡಿರಿ. ಆಮೇಲೆ ಊಟ ಕೊಡಿರಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿರಿ. ಅದು ಉಸಿರುನಾಳಕ್ಕೆ ಹೋಗುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಿರಿ. ಗ್ಲಿಮೆಪಿರೈಡ್ ಜಾತಿಯ ಗುಳಿಗೆಯಿಂದ ಕುಸಿದ ಸಕ್ಕರೆ ಕೆಲವು ಗಂಟೆಗಳ ನಂತರ ಮತ್ತೆ ಕುಸಿಯಬಹುದು. ಆದುದರಿಂದ ಚೇತರಿಸಿಕೊಂಡರೂ ವೈದ್ಯರಿಗೆ ತೋರಿಸಬೇಕು. ಈ ಗುಳಿಗೆ ನುಂಗುವವರು ಹೊಲಕ್ಕೆ ಹೋಗುವಾಗ ಬುತ್ತಿಯ ಗಂಟಿನಲ್ಲಿ ಒಂದು ಪುಡಿಕೆ ಸಕ್ಕರೆ ಕಟ್ಟಿಕೊಳ್ಳಲಿ.

ಕೊನೆಯದಾಗಿ ನನ್ನಂಥ ಮಕ್ಕಳಿಗೂ ಮನೆಯ ಯಜಮಾನರಿಗೂ ಒಂದು ಮಾತು. ಹಿರಿಯರ ಜೊತೆ ಆಸ್ಪತ್ರೆಗೆ ಹೋಗಿರಿ. ಆದರೆ ಅವರ ಬಾಯಿಯಾಗಬೇಡಿರಿ. ಅದರಲ್ಲಿಯೂ ನಮ್ಮ ಅವ್ವಂದಿರು ವೈದ್ಯರ ಮುಂದೆ ಸೆರಗು ಹಿಡಿದು ಸುಮ್ಮನೆ ನಿಲ್ಲುತ್ತಾರೆ, ಗಂಡನೋ ಮಗನೋ ಉತ್ತರ ಹೇಳುತ್ತಾನೆ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳು ಆಕೆ. ಗುಳಿಗೆ ನುಂಗಿದ ಎಷ್ಟು ಹೊತ್ತಿಗೆ ಆಕೆ ಉಣ್ಣುತ್ತಾಳೆಂಬುದು ಆಕೆಗಲ್ಲದೆ ಇನ್ನಾರಿಗೆ ಗೊತ್ತು? ಆಕೆಯೇ ಹೇಳಲಿ. ವೈದ್ಯರ ಮುಂದೆ ಬಾಯಿ ಬರದಿದ್ದರೆ ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಆಕೆಯ ಹತ್ತಿರ ಹೇಳಿಕೊಳ್ಳಲಿ. ಓದಬಲ್ಲ ಮೊಮ್ಮಕ್ಕಳು ಒಂದು ಹಾಳೆಯಲ್ಲಿ ಬರೆದುಕೊಡಲಿ.

ಬಾಂಧವರೆ, ತಮ್ಮ ಮೈ ತಮ್ಮ ಹೊಲವಿದ್ದಂತೆ. ಹೊಲದ ಗುಣ ಬಲ್ಲವನು ಒಡೆಯ, ಗೊಬ್ಬರದ ಗುಣ ಬಲ್ಲವನು ಓದಿದವನು. ಇಬ್ಬರೂ ಬದುವಿನ ಮೇಲೆ ನಿಂತು ಮಾತನಾಡಿದರೆ ಬೆಳೆ ಕೈಗೆ ಬರುತ್ತದೆ. ಮುಂದಿನ ಸಲ ಗುಳಿಗೆಯ ಚೀಟಿ ಹಿಡಿದು ಹೋಗುವಾಗ ತಮ್ಮ ದಿನಚರಿಯನ್ನೂ ಜೊತೆಗೆ ಒಯ್ಯಿರಿ. ಮನೆಯಲ್ಲಿ ಈ ಕಾಯಿಲೆಯವರಿದ್ದರೆ ಇಂದು ರಾತ್ರಿ ಊಟಕ್ಕೆ ಕುಳಿತಾಗ ಅವರನ್ನು ಒಂದು ಮಾತು ಕೇಳಿರಿ: "ಗುಳಿಗೆ ನುಂಗಿದ ಮ್ಯಾಲೆ ನಿನಗ ಹ್ಯಾಂಗ ಅನ್ನಸ್ತೈತಿ?" ನಾನು ತಡವಾಗಿ ಕೇಳಿದ ಮಾತು ಅದು. ತಾವು ಇಂದೇ ಕೇಳಿರಿ.